ಅಜ್ಜ ಕೊಟ್ಟ ಜಾಗ, ಕಂಪನಿಯ ಬೋರ್ಡು

ಪ್ರಿಯ ಓದುಗರಿಗೆ ನಮಸ್ಕಾರ.

ನಿಮ್ಮ ಕಾಗದ ಉದ್ದವಿದೆ. ಉಳಿದ ಓದುಗರಿಗೂ ತಿಳಿಯಲಿ ಅಂತ ಅದರ ಸಾರ ಹೇಳಿಬಿಡುತ್ತೇನೆ. ಊರಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹದಿನೈದು ಗುಂಟೆ ಜಾಗ ಕೊಟ್ಟವರು ನಿಮ್ಮ ಅಜ್ಜ. ಈಗ ಆ ಶಾಲೆಯ ಹೆಂಚು ಸೋರುತ್ತಿದೆ. ಐದು ತರಗತಿಗೆ ಇಬ್ಬರೇ ಮೇಷ್ಟ್ರು. ಒಂದು ದೊಡ್ಡ ಕಂಪನಿ ಶಾಲೆಯನ್ನು ದತ್ತು ತಗೊಳ್ಳುತ್ತೇವೆ ಅಂತ ಬಂದಿದೆ. ಅವರು ತೋರಿಸಿದ ನಕ್ಷೆಯಲ್ಲಿ ಗೇಟಿನ ಮೇಲೆ ಕಂಪನಿಯ ಹೆಸರಿದೆ, ಅಜ್ಜನ ಹೆಸರಿನ ಕಲ್ಲಿರುವ ಗೋಡೆಯೇ ಇಲ್ಲ. "ಜಾಗ ವಾಪಸ್ ತಗೊಳ್ಳೋಣ" ಅಂತ ದೊಡ್ಡಪ್ಪ ಕೂತಿದ್ದಾರೆ. ಈ ದುಡ್ಡಿದ್ದವರನ್ನು ನಂಬಬಹುದಾ ಅಂತ ನೀವು ಕೇಳಿದ್ದೀರಿ.

ನಂಬುವ ಅಗತ್ಯವೇ ಇಲ್ಲ. ಬರೆಸಿಕೊಳ್ಳಿ. ನಿಮ್ಮ ಅನುಮಾನ ತಪ್ಪಲ್ಲ, ಅದು ಮನೆ ಜಗಲಿಯಲ್ಲೇ ಉಳಿದರೆ ಮಾತ್ರ ಉಪಯೋಗವಿಲ್ಲ.

ಮೊದಲು ಕಂಪನಿಯ ವಿಷಯ. ಈ ಹಣ ಅವರ ದೊಡ್ಡ ಮನಸ್ಸಿಂದಷ್ಟೇ ಬರುತ್ತಿಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಲೇಬೇಕು. ಹಾಗಾಗಿ ಅವರೆದುರು ಕೈಕಟ್ಟಿ ನಿಲ್ಲಬೇಕಾಗಿಲ್ಲ. ನಿಮ್ಮೂರಿಗೆ ಶಾಲೆ ರಿಪೇರಿ ಆಗಬೇಕು, ಅವರಿಗೂ ಲೆಕ್ಕ ತೋರಿಸಬೇಕು. ಸಮಸಮನಾಗಿ ಕೂತು ಮಾತಾಡಿ.

ಒಂದು ಕಡೆ ಮಾತ್ರ ಹುಷಾರಾಗಿರಿ. ಹೀಗೆ ಸಮಾಜದ ಕೆಲಸಕ್ಕೆ ತೆಗೆದಿಡುವ ಸಿಎಸ್‌ಆರ್ ಹಣದಲ್ಲಿ ಕಟ್ಟಿದ ಆಸ್ತಿಯನ್ನು ಕಂಪನಿ ತನ್ನ ಹೆಸರಲ್ಲಿ ಇಟ್ಟುಕೊಳ್ಳುವಂತಿಲ್ಲ ಅಂತ 2021ರಲ್ಲಿ ನಿಯಮ ತಿದ್ದಿದರು. ಸರ್ಕಾರಿ ಸಂಸ್ಥೆಯ ಹೆಸರಲ್ಲಿ ಇರಬಹುದು, ನೋಂದಾಯಿತ ಟ್ರಸ್ಟಿನ ಹೆಸರಲ್ಲೂ ಇರಬಹುದು. ಆ ಟ್ರಸ್ಟು ಕಂಪನಿಯವರದ್ದೇ ಆಗಿದ್ದರೆ? ಅದಕ್ಕೇ ಒಪ್ಪಂದದಲ್ಲಿ ಒಂದು ಸಾಲು ಸೇರಿಸಿ: ಕಟ್ಟಡ ಶಿಕ್ಷಣ ಇಲಾಖೆಯದ್ದು, ಶಾಲೆಯ ಹೆಸರು ಬದಲಾಗಬಾರದು. ಇಷ್ಟಾದ ಮೇಲೆ ಗೋಡೆ ಮೇಲೆ ಅವರದ್ದೊಂದು ಸಣ್ಣ ಬೋರ್ಡು ಇದ್ದರೆ ಇರಲಿ ಬಿಡಿ. ಅಜ್ಜನ ಕಲ್ಲನ್ನು ಹೊಸ ಗೋಡೆಯಲ್ಲಿ ಎಲ್ಲಿ ಕೂರಿಸಬೇಕು ಅನ್ನೋದನ್ನೂ ನಕ್ಷೆಯಲ್ಲೇ ಗುರುತು ಹಾಕಿಸಿ.

ಇದನ್ನೆಲ್ಲ ನೀವೊಬ್ಬರೇ ಹೇಳಿದರೆ ಕೇಳುವವರಿಲ್ಲ. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಹೇಳಿಸಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರವೂ ಆ ಸಮಿತಿಯದ್ದೇ. ಎಷ್ಟೋ ಕಡೆ ಮೀಟಿಂಗೇ ನಡೆಯದೆ, ಪುಸ್ತಕ ಮನೆ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುತ್ತದೆ. ನಿಮ್ಮಲ್ಲಿ ಹಾಗಾಗಲು ಬಿಡಬೇಡಿ. ಒಪ್ಪಂದವನ್ನು ಕನ್ನಡದಲ್ಲಿ ಓದಿ ಹೇಳಿ, ಠರಾವು ಪುಸ್ತಕದಲ್ಲಿ ಬರೆಯಲಿ.

ಇನ್ನು ಮೇಷ್ಟ್ರ ಮಾತು. ನನಗೆ ಹೆಚ್ಚು ಸಂಕಟ ಆಗುವುದು ಇಲ್ಲೇ. ಕಂಪನಿ ಹೆಂಚು ಬದಲಾಯಿಸುತ್ತದೆ, ಬಣ್ಣ ಬಳಿಯುತ್ತದೆ, ಕಂಪ್ಯೂಟರ್ ಕೊಡುತ್ತದೆ. ಇಂಥ ಯೋಜನೆಗಳ ಅವಧಿ, ಶುರುವಾದ ವರ್ಷ ಬಿಟ್ಟು, ಮೂರು ವರ್ಷ ಮೀರುವಂತಿಲ್ಲ. ಆಮೇಲೆ ಆ ಕಂಪ್ಯೂಟರ್ ಕೆಟ್ಟರೆ ಯಾರು ನೋಡುತ್ತಾರೆ? ಒಂದರಿಂದ ಐದರವರೆಗೆ 60 ಮಕ್ಕಳಿದ್ದರೆ ಇಬ್ಬರು ಶಿಕ್ಷಕರು ಸಾಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಅದರಲ್ಲಿ ಒಬ್ಬರು ತರಬೇತಿಗೋ ಚುನಾವಣೆ ಕೆಲಸಕ್ಕೋ ಹೋದ ದಿನ, ಐದೂ ತರಗತಿ ಒಂದೇ ಕೋಣೆಯಲ್ಲಿ. ಇದಕ್ಕೆ ಉತ್ತರ ಕೊಡಬೇಕಾದ್ದು ಸರ್ಕಾರ. ದೇಶದ ಆದಾಯದ ಶೇ. 6ರಷ್ಟು ಶಿಕ್ಷಣಕ್ಕೆ ಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿಯಲ್ಲೂ ಅದೇ ಆರು. ಇನ್ನೂ ಅಲ್ಲಿಗೆ ತಲುಪಿಲ್ಲ. ಕಂಪನಿ ಬಂದಿದೆಯಲ್ಲ ಅಂತ ಇಲಾಖೆ ಕೈತೊಳೆದುಕೊಂಡರೆ ಅದು ಮಕ್ಕಳಿಗೆ ಮಾಡುವ ಅನ್ಯಾಯ. ಇನ್ನಷ್ಟು ಶಿಕ್ಷಕರು ಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಡುವುದನ್ನು ನಿಲ್ಲಿಸಬೇಡಿ.

ಕೊನೆಗೆ ದೊಡ್ಡಪ್ಪನವರ ಮಾತು. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ನಿಮ್ಮ ಕಾಗದದ ಕೊನೆಯಲ್ಲಿ ಒಂದು ಸಾಲು ಇದೆ, ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ 9ನೇ ಕಾಲಮ್ಮಿನಲ್ಲಿ ಇವತ್ತಿಗೂ ಅಜ್ಜನ ಹೆಸರೇ ಇದೆ ಅಂತ. ಅಂದರೆ ಅಜ್ಜ ಬಾಯಿಮಾತಲ್ಲೇ ಕೊಟ್ಟಿರಬೇಕು. ಆಗ ಮಾತೇ ಸಾಕಿತ್ತು. ಕಾನೂನಿಗೆ ಮಾತ್ರ ಸಾಲದು. ಜಾಗ ದಾನ ಮಾಡಿದರೆ ಇಬ್ಬರು ಸಾಕ್ಷಿಗಳ ಸಹಿಯಿರುವ ದಾನಪತ್ರ ನೋಂದಣಿ ಆಗಲೇಬೇಕು. ಹೀಗೆ ಕೊಟ್ಟ ಶಾಲೆ ಜಾಗಕ್ಕೆ ಮುಂದಿನ ತಲೆಮಾರು ತಕರಾರು ತೆಗೆದು, ಮಕ್ಕಳು ಆಡುವ ಬಯಲಿಗೆ ಬೇಲಿ ಬಿದ್ದದ್ದುಂಟು. ಇವತ್ತು ನೀವು ಸಿಟ್ಟಿನಲ್ಲಿ ವಾಪಸ್ ತಗೊಂಡರೆ, ನಾಳೆ ಆ ಜಾಗ ಯಾರ ಕೈಗೆ ಹೋಗುತ್ತದೆ ಹೇಳಿ? ಕೊಳ್ಳುವ ಶಕ್ತಿ ಇರುವುದು ನೀವು ಈಗ ಅನುಮಾನ ಪಡುತ್ತಿರುವಂಥವರಿಗೇ ಅಲ್ವಾ?

ಹಾಗಾಗಿ ಕಂಪನಿಯ ಜೊತೆ ಸಹಿ ಹಾಕುವ ಮೊದಲು ನಿಮ್ಮ ಮನೆಯ ಸಹಿ ಆಗಲಿ. ವಂಶವೃಕ್ಷ ಮಾಡಿಸಿ, ಅಜ್ಜನ ಹೆಸರಿಂದ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ, ಜಾಗ ಅಳೆಸಿ, ಎಲ್ಲರೂ ಸೇರಿ ಶಾಲೆಗೆ ದಾನಪತ್ರ ಬರೆದುಕೊಡಿ. ಇದರ ಕ್ರಮವನ್ನು ತಾಲ್ಲೂಕು ಕಚೇರಿಯಲ್ಲೂ ಬಿಇಒ ಅವರ ಹತ್ತಿರವೂ ಕೇಳಿ. ಅತ್ತೆಯರಿಗೂ ಹಕ್ಕಿದೆ, ಅವರ ಸಹಿ ಇಲ್ಲದೆ ಪತ್ರ ನಿಲ್ಲುವುದಿಲ್ಲ. ದೊಡ್ಡಪ್ಪನವರನ್ನು ಮುಂದೆ ಬಿಟ್ಟುಕೊಂಡೇ ಅವರ ಮನೆಗಳಿಗೆ ಹೋಗಿ ಬನ್ನಿ.

– ಸಂಪಾದಕ