ಪದಕ ಬರಬೇಕಾದರೆ ನೋಡಿದವರೂ ಇರಬೇಕು

ಯುದ್ಧಕಾಲದ ಫೈಟರ್ ಪೈಲಟ್‌ಗಳ ಶೌರ್ಯ ಪದಕಗಳ ಬಗ್ಗೆ ಓದುಗರು ಕೇಳಿದ ಐದು ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಎರಡನೇ ಮಹಾಯುದ್ಧದ ಬ್ರಿಟಿಷ್ ಪೈಲಟ್‌ಗಳ ಹೆಸರಿನ ಜೊತೆ ‘ಡಿಎಸ್‌ಒ, ಡಿಎಫ್‌ಸಿ ಅಂಡ್ ಬಾರ್’ ಅಂತ ಬರೆದಿರುತ್ತಾರೆ. ಈ ಬಾರ್ ಅಂದರೆ ಏನು ಸರ್? ಇಷ್ಟು ವಿಮಾನ ಬೀಳಿಸಿದರೆ ಇಂಥ ಪದಕ ಅಂತ ಲೆಕ್ಕ ಇತ್ತಾ?

ಉತ್ತರ: ಬಾರ್ ಅಂದರೆ ಅದೇ ಪದಕ ಮತ್ತೊಂದು ಸಲ ಬಂತು ಅಂತ ಅರ್ಥ. ಎರಡನೇ ಸಲ ಇನ್ನೊಂದು ಪದಕ ಕೊಡುವುದಿಲ್ಲ. ಮೊದಲಿನ ಪದಕದ ರಿಬ್ಬನ್ ಮೇಲೆ ಅಡ್ಡಲಾಗಿ ಒಂದು ಸಣ್ಣ ಲೋಹದ ಪಟ್ಟಿ ಕೂರಿಸುತ್ತಾರೆ. ಪೂರ್ತಿ ಪದಕ ಹಾಕದೆ ಬರೀ ರಿಬ್ಬನ್ ತುಂಡು ಧರಿಸಿದಾಗ ಆ ಪಟ್ಟಿಯ ಬದಲು ಹೂವಿನ ಆಕಾರದ ಪುಟ್ಟ ಗುರುತು ಇರುತ್ತದೆ. ‘ಟು ಬಾರ್ಸ್’ ಎಂದಿದ್ದರೆ ಅದೇ ಪದಕ ಮೂರು ಸಲ ಬಂದಿದೆ ಎಂದು ಓದಿಕೊಳ್ಳಿ.

ಡಿಎಫ್‌ಸಿ ಅಂದರೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್. 1918ರ ಜೂನ್ 3ರಂದು ಶುರುವಾಯಿತು. ಶತ್ರುವಿನ ಎದುರು ಹಾರಾಟದಲ್ಲಿ ತೋರಿದ ಧೈರ್ಯಕ್ಕೆ ಕೊಡುತ್ತಿದ್ದರು. ಡಿಎಸ್‌ಒ, ಅಂದರೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಆರ್ಡರ್, ಅದಕ್ಕಿಂತ ಹಳೆಯದು. 1886ರಲ್ಲಿ ಶುರುವಾಗಿದ್ದು, ಮೂರೂ ಸೇನೆಗಳ ಅಧಿಕಾರಿಗಳಿಗೆ ಸಿಗುತ್ತಿತ್ತು. ಫೈಟರ್ ಪೈಲಟ್‌ಗಳಲ್ಲಿ ಅದು ಹೆಚ್ಚಾಗಿ ಹೋಗಿದ್ದು ಸ್ಕ್ವಾಡ್ರನ್ ಎಂಬ ತಂಡವನ್ನು ಅಥವಾ ಹಲವು ಸ್ಕ್ವಾಡ್ರನ್ ಸೇರಿದ ವಿಂಗ್ ಅನ್ನು ಮುನ್ನಡೆಸಿದವರಿಗೆ. ತಾನೊಬ್ಬನೇ ಚೆನ್ನಾಗಿ ಕಾದಿದ್ದಕ್ಕೆ ಡಿಎಫ್‌ಸಿ, ಹತ್ತಾರು ಜನರನ್ನು ಕರೆದುಕೊಂಡು ಹೋಗಿ ಕಾದಿದ್ದಕ್ಕೆ ಡಿಎಸ್‌ಒ ಎಂದು ನೆನಪಿಟ್ಟುಕೊಂಡರೆ ಬಹುತೇಕ ಸರಿಯಾಗುತ್ತದೆ. ಜಾನಿ ಜಾನ್ಸನ್ ಎಂಬ ಬ್ರಿಟಿಷ್ ಪೈಲಟ್ 34 ವಿಮಾನ ಬೀಳಿಸಿದವರು, ಇಡೀ ವಿಂಗ್‌ಗಳನ್ನು ಮುನ್ನಡೆಸಿದವರು. ಅವರಿಗೆ ಡಿಎಸ್‌ಒ ಮೂರು ಸಲ, ಡಿಎಫ್‌ಸಿ ಎರಡು ಸಲ ಬಂತು.

ಬ್ರಿಟಿಷರಲ್ಲಿ ಇಷ್ಟು ವಿಮಾನಕ್ಕೆ ಇಂಥ ಪದಕ ಎಂದು ಬರೆದಿಟ್ಟ ನಿಯಮ ಇರಲಿಲ್ಲ. ಜರ್ಮನಿಯಲ್ಲಿ ಮಾತ್ರ ಎಣಿಕೆಗೆ ಜಾಸ್ತಿ ಬೆಲೆ ಇತ್ತು. ಆದರೆ ಅಲ್ಲೂ ಆ ಗೆರೆ ಮೇಲಕ್ಕೆ ಸರಿಯುತ್ತಲೇ ಹೋಯಿತು. ಅಡಾಲ್ಫ್ ಗ್ಯಾಲಂಡ್‌ಗೆ 1940ರಲ್ಲಿ 17 ಗೆಲುವಿಗೆ, ಅಂದರೆ 17 ವಿಮಾನ ಬೀಳಿಸಿದ್ದಕ್ಕೆ, ನೈಟ್ಸ್ ಕ್ರಾಸ್ ಎಂಬ ಪದಕ ಸಿಕ್ಕಿತು. ಎರಿಕ್ ಹಾರ್ಟ್‌ಮನ್‌ಗೆ ಅದೇ ಪದಕ 1943ರ ಅಕ್ಟೋಬರ್‌ನಲ್ಲಿ ಬರುವಷ್ಟರಲ್ಲಿ ಅವರ ಲೆಕ್ಕ 148 ಆಗಿತ್ತು. ಬರೀ ಸಂಖ್ಯೆ ಇಟ್ಟುಕೊಂಡು ಇಬ್ಬರು ಪೈಲಟ್‌ಗಳನ್ನು ತೂಗಬಾರದು ಎಂದು ನಾನು ಹೇಳುವುದು ಇದಕ್ಕೇ.

ಪ್ರಶ್ನೆ: ಹಾಗಾದರೆ ಇಡೀ ಯುದ್ಧದಲ್ಲಿ ಬ್ರಿಟನ್ನಿನ ಫೈಟರ್ ಕಮಾಂಡ್‌ಗೆ ಒಂದೇ ಒಂದು ವಿಕ್ಟೋರಿಯಾ ಕ್ರಾಸ್ ಬಂತು ಅನ್ನುತ್ತಾರಲ್ಲ, ಅದು ನಿಜವಾ? ಅಷ್ಟು ಜನ ಕಾದರು, ಸತ್ತರು. ಒಬ್ಬರೇ ಯಾಕೆ?

ಉತ್ತರ: ನಿಜ, ಬ್ರಿಟನ್ನಿನ ಎಲ್ಲಕ್ಕಿಂತ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಫೈಟರ್ ಕಮಾಂಡ್‌ನಲ್ಲಿ, ಅಂದರೆ ಅವರ ವಾಯುಪಡೆಯ ಫೈಟರ್ ವಿಭಾಗದಲ್ಲಿ, ಬಂದಿದ್ದು ಒಬ್ಬರಿಗೇ. ಅವರ ಹೆಸರು ಜೇಮ್ಸ್ ನಿಕೋಲ್ಸನ್. 249ನೇ ಸ್ಕ್ವಾಡ್ರನ್ನಿನವರು, ಆಗ ವಯಸ್ಸು 23. 1940ರ ಆಗಸ್ಟ್ 16ರಂದು ಸೌತಾಂಪ್ಟನ್ ಹತ್ತಿರ ಅವರ ಹರಿಕೇನ್ ವಿಮಾನಕ್ಕೆ ನಾಲ್ಕು ಶೆಲ್ ಬಡಿದವು. ಕಣ್ಣಿಗೆ ಗಾಯ, ಕಾಲಿಗೆ ಗಾಯ, ಪೆಟ್ರೋಲ್ ಟ್ಯಾಂಕಿಗೆ ಬೆಂಕಿ. ಧುಮುಕಲು ಏಳುತ್ತಿದ್ದಾಗ ಎದುರಿಗೆ ಜರ್ಮನ್ ವಿಮಾನವೊಂದು ಕಂಡಿತು. ಉರಿಯುತ್ತಿರುವ ಕಾಕ್‌ಪಿಟ್‌ನಲ್ಲಿ ಮತ್ತೆ ಕೂತು ಅದರ ಮೇಲೆ ಗುಂಡು ಹಾರಿಸಿದರು. ಕೈಗಳು ಬೆಂದುಹೋದವು. ಆಮೇಲೆ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಿದ್ದಾಗ ಶತ್ರು ಅಂದುಕೊಂಡು ಕೆಳಗಿನ ನಮ್ಮವರೇ, ಅಂದರೆ ಬ್ರಿಟನ್ನಿನ ಹೋಮ್ ಗಾರ್ಡ್‌ನವರೇ, ಗುಂಡು ಹೊಡೆದರು! ಆದರೂ ಅವರು ಬದುಕಿದರು. ನವೆಂಬರ್‌ನಲ್ಲಿ ವಿಕ್ಟೋರಿಯಾ ಕ್ರಾಸ್ ಘೋಷಣೆಯಾಯಿತು.

ಉಳಿದವರಿಗೆ ಯಾಕಿಲ್ಲ ಅನ್ನುವುದಕ್ಕೆ ಪದಕ ಹುಟ್ಟುವ ದಾರಿ ನೋಡಬೇಕು. ಪದಕ ಲೋಹ ಆಗುವ ಮೊದಲು ಕಾಗದ. ಮೊದಲು ಯಾರಾದರೂ ನೋಡಿರಬೇಕು. ನೋಡಿದ್ದನ್ನು ಸ್ಕ್ವಾಡ್ರನ್ ಕಮಾಂಡರ್ ಬರೆಯಬೇಕು. ಆ ಶಿಫಾರಸು ಒಂದೊಂದೇ ಮೆಟ್ಟಿಲು ಹತ್ತಿ ಮೇಲಕ್ಕೆ ಹೋಗಬೇಕು. ಕೊನೆಗೆ ಗೆಜೆಟ್‌ನಲ್ಲಿ ಅಚ್ಚಾಗಬೇಕು. ವಿಕ್ಟೋರಿಯಾ ಕ್ರಾಸ್‌ಗಂತೂ ಸಾಕ್ಷಿ ಗಟ್ಟಿಯಾಗಿರಲೇಬೇಕು. ಬಾಂಬರ್ ವಿಮಾನದಲ್ಲಿ ಏಳು ಜನ ಇರುತ್ತಾರೆ. ಒಬ್ಬ ಮಾಡಿದ್ದನ್ನು ಇನ್ನೊಬ್ಬ ಬಂದು ಹೇಳಬಹುದು. ಫೈಟರ್‌ನಲ್ಲಿ ಒಬ್ಬನೇ. ಕಾದಾಟ ಶುರುವಾದ ಒಂದೆರಡು ನಿಮಿಷದಲ್ಲಿ ಗುಂಪು ಚದುರಿಹೋಗುತ್ತದೆ. ಪಕ್ಕದಲ್ಲಿದ್ದವನು ತನ್ನ ಜೀವ ಉಳಿಸಿಕೊಳ್ಳುವುದರಲ್ಲಿ ಇರುತ್ತಾನೆ. ಮೋಡದ ಆಚೆ ಒಬ್ಬ ಮಾಡಿದ ಕೆಲಸ ಅವನ ಜೊತೆಯೇ ಸಮುದ್ರಕ್ಕೆ ಬಿದ್ದರೆ ಬರೆಯುವವರು ಯಾರು?

ಇನ್ನೊಂದು ನಿಯಮವನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಕಾಲದಲ್ಲಿ ಶತ್ರುವಿನ ಎದುರು ಕಾದು ಸತ್ತ ಬ್ರಿಟಿಷ್ ಯೋಧನಿಗೆ ಎರಡೇ ಸಾಧ್ಯತೆ ಇದ್ದವು. ಒಂದು ಎಲ್ಲಕ್ಕಿಂತ ದೊಡ್ಡ ವಿಕ್ಟೋರಿಯಾ ಕ್ರಾಸ್, ಇನ್ನೊಂದು ‘ಮೆನ್ಷನ್ ಇನ್ ಡಿಸ್ಪ್ಯಾಚಸ್’, ಅಂದರೆ ವರದಿಯಲ್ಲಿ ಹೆಸರು ಬರುವುದು. ನಡುವಿನ ಡಿಎಫ್‌ಸಿ, ಡಿಎಸ್‌ಒ ಯಾವುದೂ ಸತ್ತವರಿಗೆ ಇಲ್ಲ. ಬದುಕಿದ್ದಾಗಲೇ ಶಿಫಾರಸು ಹೋಗಿದ್ದರೆ ಮಾತ್ರ ಆಮೇಲೆ ಬರುತ್ತಿತ್ತು. ಈ ನಿಯಮ ಬದಲಾಗಿದ್ದು 1979ರಲ್ಲಿ. ಒಂದು ದಿನ ಮೊದಲು ಶಿಫಾರಸು ಬರೆದಿದ್ದರೆ ಪದಕ, ಒಂದು ದಿನ ತಡವಾದರೆ ಆ ಪದಕ ಇಲ್ಲ. ಎಷ್ಟು ಮನೆಗಳಲ್ಲಿ ಹೀಗಾಗಿರಬಹುದು ಯೋಚಿಸಿ.

ಕಾಗದವೇ ಕಳೆದುಹೋದ ಕಥೆಯೂ ಇದೆ. ದಕ್ಷಿಣ ಆಫ್ರಿಕಾದ ಪ್ಯಾಟ್ ಪ್ಯಾಟಲ್ ಗ್ರೀಸ್‌ನಲ್ಲಿ 33ನೇ ಸ್ಕ್ವಾಡ್ರನ್ ಮುನ್ನಡೆಸುತ್ತಿದ್ದರು. 1941ರ ಏಪ್ರಿಲ್ 20ರಂದು ಅಥೆನ್ಸ್ ಹತ್ತಿರದ ಕಾದಾಟದಲ್ಲಿ ಸತ್ತರು. ಬ್ರಿಟಿಷ್ ಕಡೆ ಕಾದವರಲ್ಲಿ ಎಲ್ಲರಿಗಿಂತ ಹೆಚ್ಚು ವಿಮಾನ ಬೀಳಿಸಿದವರು ಇವರೇ ಇರಬೇಕು ಎಂದು ಅನೇಕ ಇತಿಹಾಸಕಾರರು ನಂಬುತ್ತಾರೆ. ಆದರೆ ಗ್ರೀಸ್‌ನಿಂದ ಹಿಂದೆ ಸರಿಯುವ ಗಡಿಬಿಡಿಯಲ್ಲಿ ಸ್ಕ್ವಾಡ್ರನ್ನಿನ ದಾಖಲೆಗಳು ನಾಶವಾದವು. ಪ್ಯಾಟಲ್‌ಗೆ ಸಿಕ್ಕಿದ್ದು ಡಿಎಫ್‌ಸಿ ಮತ್ತು ಒಂದು ಬಾರ್, ಅಷ್ಟೇ.

ನಿಕೋಲ್ಸನ್ ಮುಂದೆ ಬರ್ಮಾ ಕಡೆ 27ನೇ ಸ್ಕ್ವಾಡ್ರನ್ ಮುನ್ನಡೆಸಿ ಡಿಎಫ್‌ಸಿಯನ್ನೂ ಪಡೆದರು. 1945ರ ಮೇ 2ರಂದು ಬಂಗಾಳ ಕೊಲ್ಲಿಯ ಮೇಲೆ ಲಿಬರೇಟರ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆ ದಿನ ವಿಮಾನ ನಡೆಸುತ್ತಿದ್ದವರು ಅವರಲ್ಲ, ವೀಕ್ಷಕರಾಗಿ ಹೋಗಿದ್ದರು.

ಪ್ರಶ್ನೆ: ಡಿಎಫ್‌ಸಿ, ಡಿಎಫ್‌ಎಂ ಎರಡೂ ಒಂದೇನಾ?

ಉತ್ತರ: ಧೈರ್ಯ ಒಂದೇ, ಪದಕ ಬೇರೆ. ಅಧಿಕಾರಿಗಳಿಗೆ ಮತ್ತು ವಾರಂಟ್ ಆಫೀಸರ್‌ಗಳಿಗೆ ಡಿಎಫ್‌ಸಿ. ಸಾರ್ಜೆಂಟ್ ಮಟ್ಟದವರಿಗೆ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಮೆಡಲ್, ಅಂದರೆ ಡಿಎಫ್‌ಎಂ. ಒಂದೇ ಆಕಾಶದಲ್ಲಿ, ಒಂದೇ ಥರದ ವಿಮಾನದಲ್ಲಿ, ಅದೇ ಶತ್ರುವಿನ ಜೊತೆ ಕಾದವರಿಗೆ ಭುಜದ ಪಟ್ಟಿ ನೋಡಿ ಬೇರೆ ಬೇರೆ ಪದಕ. ಜೆಕ್ ಪೈಲಟ್ ಜೋಸೆಫ್ ಫ್ರಾಂಟಿಶೆಕ್ 1940ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ 17 ವಿಮಾನ ಬೀಳಿಸಿದರು. ಸಾರ್ಜೆಂಟ್ ಆಗಿದ್ದರಿಂದ ಡಿಎಫ್‌ಎಂ ಬಂತು. 1940ರಲ್ಲಿ ಜರ್ಮನ್ ವಾಯುದಾಳಿಯನ್ನು ಬ್ರಿಟನ್ ಎದುರಿಸಿದ ‘ಬ್ರಿಟನ್ ಕದನ’ದ ದೊಡ್ಡ ಹೆಸರುಗಳಲ್ಲಿ ಒಬ್ಬರಾದ ಜಿಂಜರ್ ಲೇಸಿಗೂ ಬಂದಿದ್ದು ಡಿಎಫ್‌ಎಂ ಮತ್ತು ಬಾರ್. ಎರಡನೇ ಮಹಾಯುದ್ಧದಲ್ಲಿ ಸುಮಾರು 20,000 ಡಿಎಫ್‌ಸಿ ಕೊಟ್ಟರೆ ಡಿಎಫ್‌ಎಂ ಕೊಟ್ಟಿದ್ದು ಸುಮಾರು 6,600. ಈ ಭೇದ ತಪ್ಪು ಅಂತ ಅರ್ಥವಾಗಿ ಡಿಎಫ್‌ಎಂ ನಿಲ್ಲಿಸಿದ್ದು 1993ರಲ್ಲಿ. ಈಗ ಎಲ್ಲರಿಗೂ ಡಿಎಫ್‌ಸಿಯೇ.

ಪ್ರಶ್ನೆ: ನಮ್ಮವರ ವಿಷಯ ಹೇಳಿ ಸರ್. ಭಾರತೀಯ ಪೈಲಟ್‌ಗಳಿಗೆ ಆಗ ಪದಕ ಬಂದಿತ್ತಾ? ಮತ್ತೆ, 1965ರಲ್ಲಿ ಹುತಾತ್ಮರಾದ ಕೊಡಗಿನ ದೇವಯ್ಯ ಅವರಿಗೆ ಮಹಾವೀರ ಚಕ್ರ ಕೊಡಲು 23 ವರ್ಷ ಯಾಕೆ ಬೇಕಾಯಿತು?

ಉತ್ತರ: ಬಂದಿತ್ತು, ಅದೂ ಮೊದಲನೇ ಮಹಾಯುದ್ಧದಲ್ಲೇ. ಇಂದ್ರಲಾಲ್ ರಾಯ್ ಎಂಬ ಹುಡುಗ, 19 ವರ್ಷ, 40ನೇ ಸ್ಕ್ವಾಡ್ರನ್. 1918ರ ಜುಲೈನಲ್ಲಿ ಎರಡು ವಾರದೊಳಗೆ 10 ಗೆಲುವು. ಜುಲೈ 22ರಂದು ಸತ್ತರು. ಸೆಪ್ಟೆಂಬರ್‌ನಲ್ಲಿ ಡಿಎಫ್‌ಸಿ ಘೋಷಣೆಯಾಯಿತು. ಎರಡನೇ ಯುದ್ಧದಲ್ಲಿ ‘ಜಂಬೋ’ ಎಂದು ಕರೆಸಿಕೊಂಡ ಕರುಣ್ ಕೃಷ್ಣ ಮಜುಂದಾರ್ ಅವರಿಗೆ ಡಿಎಫ್‌ಸಿ ಎರಡು ಸಲ ಬಂತು. ಭಾರತೀಯರಲ್ಲಿ ಹಾಗೆ ಪಡೆದವರು ಅವರೊಬ್ಬರೇ. 1942ರ ಫೆಬ್ರವರಿಯಲ್ಲಿ ಅವರ ಕೈಯಲ್ಲಿದ್ದಿದ್ದು ಲೈಸಾಂಡರ್, ನೆಲದ ಸೇನೆಗೆ ವೇಗವಿಲ್ಲದೆ ಹಾರಿ ಸುದ್ದಿ ತಂದುಕೊಡುವ ವಿಮಾನ. ಅದಕ್ಕೇ ಬಾಂಬ್ ಕಟ್ಟಿಕೊಂಡು ಬರ್ಮಾದಿಂದ ಹೋಗಿ ಜಪಾನಿಯರ ವಾಯುನೆಲೆ ಹೊಡೆದರು. ಮುಂದೆ ಯೂರೋಪಿಗೆ ಹೋಗಿ ಫೈಟರ್‌ಗಳಲ್ಲಿ ಶತ್ರುನೆಲದ ಚಿತ್ರ ತೆಗೆದು ತಂದಿದ್ದಕ್ಕೆ ಬಾರ್ ಬಂತು. ಅರ್ಜನ್ ಸಿಂಗ್ ಅವರಿಗೆ 1944ರಲ್ಲಿ ಇಂಫಾಲದ ಕದನದಲ್ಲಿ 1ನೇ ಸ್ಕ್ವಾಡ್ರನ್ ಮುನ್ನಡೆಸಿದ್ದಕ್ಕೆ ಡಿಎಫ್‌ಸಿ ಸಿಕ್ಕಿತು. ಮೌಂಟ್‌ಬ್ಯಾಟನ್ ಅವರೇ ಬಂದು ಎದೆಗೆ ಚುಚ್ಚಿದರು.

21 ವರ್ಷ ಕಳೆದು, 1965ರ ಯುದ್ಧದಲ್ಲಿ ಇದೇ ಅರ್ಜನ್ ಸಿಂಗ್ ವಾಯುಪಡೆಯ ಮುಖ್ಯಸ್ಥರು. ಇದೇ 1ನೇ ಸ್ಕ್ವಾಡ್ರನ್ನಿನಲ್ಲಿ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಮಿಸ್ಟೇರ್ ವಿಮಾನಗಳು ಹೊರಟವು. ದೇವಯ್ಯ ಮುಖ್ಯ ಪಟ್ಟಿಯಲ್ಲಿ ಇರಲಿಲ್ಲ. ಯಾರದಾದರೂ ವಿಮಾನ ಕೈಕೊಟ್ಟರೆ ಹೋಗಲು ಕಾದಿದ್ದವರು. ಜಾಗ ಖಾಲಿಯಾಯಿತು, ಹೋದರು. ವಾಪಸ್ ಬರುವಾಗ ಪಾಕಿಸ್ತಾನದ ಒಂದು ಸ್ಟಾರ್‌ಫೈಟರ್ ಅವರ ಮೇಲೆ ಎರಗಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ. ಮಿಸ್ಟೇರ್ ನೆಟ್ಟಗೆ ಹಾರುವಾಗ ಶಬ್ದದ ವೇಗವನ್ನೂ ಮುಟ್ಟದ ವಿಮಾನ. ದೇವಯ್ಯ ಅವರ ವಿಮಾನಕ್ಕೆ ಪೆಟ್ಟು ಬಿತ್ತು. ಆದರೂ ತಿರುಗಿ ನಿಂತು ಕಾದರು. ಸ್ಟಾರ್‌ಫೈಟರ್ ಬಿತ್ತು, ಅದರ ಪೈಲಟ್ ಅಮ್ಜದ್ ಹುಸೇನ್ ಹೊರಗೆ ಹಾರಿ ಬದುಕಿದರು. ದೇವಯ್ಯ ಬರಲಿಲ್ಲ.

ಜೊತೆಗೆ ಹೋಗಿದ್ದವರು ಆಗ ಮನೆ ದಾರಿಯಲ್ಲಿದ್ದರು. ನಮ್ಮ ಕಡೆಯವರು ಒಬ್ಬರೂ ಇದನ್ನು ನೋಡಿರಲಿಲ್ಲ. ಹಾಗಾಗಿ ನಮ್ಮ ದಾಖಲೆಯಲ್ಲಿ ಅವರು ಬರೀ ಕಾಣೆಯಾದವರು. ನೋಡಿದ್ದವರು ಎದುರಾಳಿಗಳು ಮಾತ್ರ. ವರ್ಷಗಳಾದ ಮೇಲೆ, 1979ರಲ್ಲಿ, ಪಾಕಿಸ್ತಾನದ ಕಡೆಯ ವಿವರಗಳನ್ನು ಇಟ್ಟುಕೊಂಡು ಒಬ್ಬ ಬ್ರಿಟಿಷ್ ಲೇಖಕರು ಬರೆದ ಪುಸ್ತಕದಲ್ಲಿ ಈ ಕಾದಾಟದ ಸಂಗತಿ ಹೊರಗೆ ಬಂತು. ನಮ್ಮವರು ದಿನ, ಜಾಗ, ವಿಮಾನ ಎಲ್ಲ ಹೋಲಿಸಿ ನೋಡಿದಾಗ ಅದು ದೇವಯ್ಯ ಅವರೇ ಎಂದು ಗೊತ್ತಾಯಿತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ಅವರು ಸ್ವೀಕರಿಸಿದರು.

ತಡ ಯಾಕೆ ಅಂತ ಸಿಟ್ಟು ಬರುವುದು ಸಹಜ. ನನಗೂ ಬಂದಿತ್ತು. ಆದರೆ ಸಾಕ್ಷಿ ಇಲ್ಲದೆ ಕೊಟ್ಟಿದ್ದರೆ ಆ ಪದಕಕ್ಕೆ ಇಷ್ಟು ತೂಕ ಇರುತ್ತಿರಲಿಲ್ಲ. ಇಲ್ಲಿ ಸಾಕ್ಷಿ ಹೇಳಿದ್ದು ಶತ್ರು. ತಮ್ಮ ಅತಿ ವೇಗದ ವಿಮಾನವನ್ನು ಹಳೆಯ ಮಿಸ್ಟೇರ್ ಒಂದು ಬೀಳಿಸಿತು ಅಂತ ಅವರು ಸುಮ್ನೆ ಹೇಳುತ್ತಾರಾ? ಇದಕ್ಕಿಂತ ಗಟ್ಟಿ ಸಾಕ್ಷಿ ಯಾವ ಪೈಲಟ್‌ಗೆ ಸಿಕ್ಕಿದೆ?

ಸ್ವತಂತ್ರ ಭಾರತದ ಪರಮವೀರ, ಮಹಾವೀರ, ವೀರ ಚಕ್ರಗಳಿಗೆ ಬ್ರಿಟಿಷರ ಆ ಹಳೆಯ ನಿಯಮ ಇಲ್ಲ. 1950ರ ಜನವರಿ 26ರಂದು ಶುರುವಾದಾಗಿನಿಂದ ಮೂರನ್ನೂ ಮರಣೋತ್ತರವಾಗಿ ಕೊಡಬಹುದು. ಅಧಿಕಾರಿ, ಸಿಪಾಯಿ ಅಂತ ಭೇದವೂ ಇಲ್ಲ. ವಾಯುಪಡೆಗೆ ಈವರೆಗೆ ಬಂದಿರುವ ಪರಮವೀರ ಚಕ್ರ ಮಾತ್ರ ಒಂದೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳು ದಾಳಿ ಮಾಡಿದಾಗ ಪುಟ್ಟ ನ್ಯಾಟ್ ವಿಮಾನದಲ್ಲಿ ಏರಿಹೋಗಿ ಕಾದು ಸತ್ತ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರದು. ಆ ಕಾದಾಟ ನಡೆದಿದ್ದು ನಮ್ಮದೇ ವಾಯುನೆಲೆಯ ನೆತ್ತಿಯ ಮೇಲೆ, ಹಾಗಾಗಿ ನೋಡಿದವರು ಇದ್ದರು.

ಪ್ರಶ್ನೆ: ತಾತ ಯುದ್ಧದ ಕಾಲದಲ್ಲಿ ವಾಯುಪಡೆಯಲ್ಲಿ ಬರ್ಮಾ ಕಡೆ ಇದ್ದರಂತೆ. ಟ್ರಂಕಿನಲ್ಲಿ ನಕ್ಷತ್ರದ ಆಕಾರದ ಎರಡು ಪದಕ ಸಿಕ್ಕಿವೆ. ಯೂನಿಫಾರ್ಮ್‌ನ ಒಂದು ಫೋಟೋನೂ ಇದೆ. ಇವು ಶೌರ್ಯ ಪದಕಗಳಾ? ಕಪ್ಪಾಗಿವೆ, ಪಾಲಿಶ್ ಮಾಡಿಸಲಾ?

ಉತ್ತರ: ದಯವಿಟ್ಟು ಪಾಲಿಶ್ ಮಾಡಿಸಬೇಡಿ. ಮೊದಲು ತಿರುಗಿಸಿ ಹಿಂಬದಿ ನೋಡಿ. ಆರು ಮೊನೆಯ ಹಿತ್ತಾಳೆ ಬಣ್ಣದ ಈ ನಕ್ಷತ್ರಗಳನ್ನು ಬ್ರಿಟನ್ ತನ್ನವರಿಗೆ ಹೆಸರಿಲ್ಲದೆ ಕೊಟ್ಟಿತು. ಭಾರತೀಯರಿಗೆ ಕೊಟ್ಟವುಗಳ ಹಿಂದೆ ಹೆಸರು, ನಂಬರ್ ಒತ್ತಿದ್ದರು. ಉಜ್ಜಿ ಉಜ್ಜಿ ಆ ಅಕ್ಷರ ಸವೆದರೆ ಮತ್ತೆ ಬರುವುದಿಲ್ಲ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು.

ಇವು ಶೌರ್ಯ ಪದಕಗಳಲ್ಲ. ಇಂಥ ಯುದ್ಧಭೂಮಿಯಲ್ಲಿ ಸೇವೆ ಮಾಡಿದರು ಅನ್ನುವುದಕ್ಕೆ ಕೊಡುವಂಥವು. ರಿಬ್ಬನ್ ಉಳಿದಿದ್ದರೆ ಗುರುತಿಸುವುದು ಸುಲಭ. ಕಡು ನೀಲಿ, ಕೆಂಪು, ತಿಳಿ ನೀಲಿ ಮೂರು ಸಮ ಪಟ್ಟಿ ಇದ್ದರೆ 1939–45 ಸ್ಟಾರ್. ಮಧ್ಯೆ ಅಗಲ ಕೆಂಪು, ಎರಡೂ ಕಡೆ ನೀಲಿ, ನೀಲಿಯ ನಡುವೆ ಕಿತ್ತಳೆ ಗೆರೆ ಇದ್ದರೆ ಬರ್ಮಾ ಸ್ಟಾರ್.

ಇನ್ನು ಫೋಟೋ. ಶೌರ್ಯ ಪದಕದ ರಿಬ್ಬನ್ ಯಾವಾಗಲೂ ಮೊದಲು ಬರುತ್ತದೆ, ಅಂದರೆ ಎದೆಯ ಮೇಲೆ ಗುಂಡಿಗಳಿಗೆ ಹತ್ತಿರ ಇರುತ್ತದೆ. ಡಿಎಫ್‌ಸಿ ರಿಬ್ಬನ್ ನೇರಳೆ-ಬಿಳಿ ಓರೆ ಪಟ್ಟಿಗಳದ್ದು. ಕಪ್ಪು-ಬಿಳುಪು ಫೋಟೋದಲ್ಲೂ ಆ ಓರೆ ಗೆರೆ ಎದ್ದು ಕಾಣುತ್ತದೆ. ಪಟ್ಟಿಗಳು ತೀರಾ ಸಣ್ಣಗಿದ್ದರೆ ಡಿಎಫ್‌ಎಂ ಇರಬಹುದು. ಓರೆ ಗೆರೆ ಕಂಡರೆ ತಾತನ ಹೆಸರಿಟ್ಟು ‘ಲಂಡನ್ ಗೆಜೆಟ್’ನ ಹಳೆಯ ಸಂಚಿಕೆಗಳನ್ನು ಹುಡುಕಿ. ಅವು ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತವೆ. ಹೆಸರಿನ ಇಂಗ್ಲಿಷ್ ಕಾಗುಣಿತ ಆಗ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆಯುತ್ತಿದ್ದರು. ಆದ್ದರಿಂದ ಪದಕದ ಹಿಂದೆ ಒತ್ತಿರುವ ಕಾಗುಣಿತವನ್ನೇ ಮೊದಲು ಹಾಕಿ ನೋಡಿ.