ರಿಪೋರ್ಟ್ ನಾರ್ಮಲ್, ಉರಿ ಮಾತ್ರ ನಿಂತಿಲ್ಲ

ಪ್ರಶ್ನೆ: ಮೇಡಂ ನಮಸ್ತೆ, ನಂಗೆ 34 ವರ್ಷ, ದಾವಣಗೆರೆ ಹತ್ರ ಹೈಸ್ಕೂಲ್ ಟೀಚರ್. 8 ತಿಂಗಳಿಂದ ಯೂರಿನ್ ಮಾಡುವಾಗ ಉರಿ, ಮಾಡಿ ಬಂದ್ಮೇಲೂ ಅರ್ಧ ಗಂಟೆ ಉರೀತಾ ಇರುತ್ತೆ, ಕಿಬ್ಬೊಟ್ಟೆ ಭಾರ, ಮತ್ತೆ ಹೋಗ್ಬೇಕು ಅನ್ಸುತ್ತೆ, ಹೋದ್ರೆ ನಾಲ್ಕು ಹನಿ. ರಾತ್ರಿ 3-4 ಸಲ ಏಳ್ತೀನಿ. ಯೂರಿನ್ ಕಲ್ಚರ್ 4 ಸಲ ಮಾಡಿಸಿದೆ, ನಾಲ್ಕರಲ್ಲೂ ನೋ ಗ್ರೋತ್, ಪಸ್ ಸೆಲ್ಸ್ (ಕೀವಿನ ಕಣ) 2-3 ಅಷ್ಟೇ, ಶುಗರ್ ಇಲ್ಲ, ಸ್ಕ್ಯಾನಿಂಗಲ್ಲೂ ಏನಿಲ್ಲ. ಆದ್ರೂ ಹೋದಾಗೆಲ್ಲ ಆಂಟಿಬಯೋಟಿಕ್ ಬರೆದ್ರು, 5 ಕೋರ್ಸ್ ಆಯ್ತು. ಕೊನೇ ಸಲ ಡಾಕ್ಟ್ರು "ನಿಮಗೇನೂ ಇಲ್ಲಮ್ಮ, ಟೆನ್ಷನ್ ಬಿಡಿ" ಅಂದ್ಬಿಟ್ರು. ಅತ್ತೆ ಉಷ್ಣ ಅಂತ ದಿನಾ ಬಾರ್ಲಿ ನೀರು ಕೊಡ್ತಾರೆ, ಯಜಮಾನ್ರು ಮೊದ್ಲು ಜೊತೆಗೆ ಬರ್ತಿದ್ರು, ಈಗ ಅವರಿಗೂ ಬೇಜಾರು. ನಿಜವಾಗ್ಲೂ ನಂಗೇನೂ ಇಲ್ವಾ? ಹೆಸರು ಹಾಕ್ಬೇಡಿ.

ಉತ್ತರ: ಇದೆ ಟೀಚರೇ, ಖಂಡಿತ ಇದೆ. 8 ತಿಂಗಳು ನಿದ್ದೆಗೆಟ್ಟು ಪಾಠ ಮಾಡ್ತಿರೋರಿಗೆ ಏನೂ ಇಲ್ಲ ಅಂತ ಹೇಳಿ ಕಳ್ಸಿದ್ದು ಓದಿ ನಂಗೆ ಸಂಕಟ ಆಯ್ತು. ಕಲ್ಚರ್ ಟೆಸ್ಟ್ ಹೇಳೋದು ಒಂದೇ ವಿಷಯ, ನೀವು ಕೊಟ್ಟ ಯೂರಿನಲ್ಲಿ ಮಾಮೂಲಿ ಬ್ಯಾಕ್ಟೀರಿಯಾ ಬೆಳೀತಾ, ಇಲ್ವಾ ಅಂತ. ಉರಿ ಯಾಕೆ ಅನ್ನೋದನ್ನ ಅದು ಹೇಳಲ್ಲ. ನಾಲ್ಕು ಸಲ ಬೆಳೀಲಿಲ್ಲ ಅಂದ್ಮೇಲೆ ಆರನೇ ಕೋರ್ಸ್ ಆಂಟಿಬಯೋಟಿಕ್ ಮಾತ್ರ ದಯವಿಟ್ಟು ಬೇಡ, ಅದ್ರಿಂದ ಹೊಟ್ಟೆ ಕೆಡುತ್ತೆ, ಕೆಳಗೆ ಫಂಗಸ್ ಬಂದು ಅದರದ್ದೇ ಬೇರೆ ಉರಿ ಶುರುವಾಗುತ್ತೆ, ಮುಂದೆ ನಿಜವಾದ ಇನ್ಫೆಕ್ಷನ್ ಬಂದಾಗ ಮಾತ್ರೆ ಕೆಲ್ಸ ಮಾಡದೇ ಇರಬಹುದು.

ಮೊದ್ಲು ಹಳೇ ರಿಪೋರ್ಟೆಲ್ಲ ತೆಗೆದು ತಾರೀಖು ನೋಡಿ. ಮಾತ್ರೆ ತಗೊಳ್ತಿದ್ದಾಗ್ಲೇ ಸ್ಯಾಂಪಲ್ ಕೊಟ್ಟಿದ್ರೆ ಬ್ಯಾಕ್ಟೀರಿಯಾ ಇದ್ರೂ ಬೆಳೆಯದೇ ಇರಬಹುದು, ಹಾಗಾಗಿದ್ರೆ ಮಾತ್ರೆ ನಿಂತು ಒಂದೆರಡು ವಾರ ಆದ್ಮೇಲೆ ಮೊದಲ ಧಾರೆ ಬಿಟ್ಟು ನಡುವಿನದ್ದು ಹಿಡಿದು ಇನ್ನೊಮ್ಮೆ ಕೊಡಿ. ಕ್ಲಮೈಡಿಯಾ, ಮೈಕೋಪ್ಲಾಸ್ಮಾ ಅಂತ ಕೆಲವು ಸೋಂಕು ಮಾಮೂಲಿ ಕಲ್ಚರಲ್ಲಿ ಸಿಗೋದೇ ಇಲ್ಲ, ಅದಕ್ಕೆ ಪಿಸಿಆರ್ ಟೆಸ್ಟ್ ಬೇಕು. ಗಂಡ ಹೆಂಡ್ತಿ ನಡುವೆ ಹರಡೋ ಸೋಂಕು ಅಂತ ಹೇಳಿದ ಕೂಡ್ಲೇ ಮನೆಯಲ್ಲಿ ಅನುಮಾನದ ಮಾತು ಶುರುವಾಗುತ್ತೆ, ಅದಕ್ಕೆ ಮುಂಚೇನೇ ಹೇಳ್ತೀನಿ, ಇದು ವರ್ಷಗಟ್ಟಲೆ ಏನೂ ತೋರಿಸ್ದೇ ಒಳಗೇ ಇರಬಹುದು, ಯಾರ ನಡತೆ ಮೇಲೂ ಮಾತು ಬರೋ ವಿಷಯ ಅಲ್ಲ. ಬಂದ್ರೆ ಇಬ್ರೂ ಮಾತ್ರೆ ತಗೊಂಡ್ರೆ ಆಯ್ತು.

ಇದನ್ನ ಓದ್ತಿರೋ ಬೇರೆಯವರಿಗೂ ಒಂದು ಮಾತು. ಪಸ್ ಸೆಲ್ಸ್ 15-20 ಬರ್ತಾನೇ ಇದೆ, ಕಲ್ಚರ್ ಮಾತ್ರ ನೋ ಗ್ರೋತ್ ಅಂತಿದ್ರೆ ಟಿಬಿ ಟೆಸ್ಟ್ ಮಾಡ್ಸಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಟಿಬಿ ಅಂದ್ರೆ ಬರೀ ಕೆಮ್ಮಲ್ಲ, ಕಿಡ್ನಿಗೂ ಮೂತ್ರಚೀಲಕ್ಕೂ ಬರುತ್ತೆ, 3 ದಿನ ಬೆಳಗಿನ ಮೊದಲ ಯೂರಿನ್ ಕೊಟ್ಟು ಬೇರೆ ಥರ ಟೆಸ್ಟ್ ಮಾಡಿಸ್ಬೇಕು, ಟ್ರೀಟ್‌ಮೆಂಟ್ ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ನಿಮ್ಮದು 2-3 ಇರೋದ್ರಿಂದ ಆ ಸಾಧ್ಯತೆ ಕಡಿಮೆ ಅನ್ಸುತ್ತೆ.

ನೀವು ಬರೆದದ್ದು ಓದಿದ್ರೆ ನಂಗೆ ಎರಡು ವಿಷಯ ಕಣ್ಣಿಗೆ ಬೀಳುತ್ತೆ, ಪತ್ರ ನೋಡಿ ಇದೇ ಅಂತ ಹೇಳೋಕಾಗಲ್ಲ, ಯೂರಾಲಜಿಸ್ಟ್, ಅಂದ್ರೆ ಮೂತ್ರರೋಗದ ಡಾಕ್ಟ್ರು, ನೋಡ್ಲೇಬೇಕು. ಒಂದು, ಬ್ಲಾಡರ್ ಪೇನ್ ಸಿಂಡ್ರೋಮ್. ಸೋಂಕಾಗ್ಲೀ ಬೇರೆ ಕಾರಣವಾಗ್ಲೀ ಸಿಗದೇ 6 ವಾರಕ್ಕಿಂತ ಹೆಚ್ಚು ಮೂತ್ರಚೀಲದ ನೋವು, ಉರಿ, ಪದೇ ಪದೇ ಹೋಗೋದು ಇದ್ರೆ ಈ ಹೆಸರಿಡ್ತಾರೆ. ಸಾಮಾನ್ಯವಾಗಿ ಚೀಲ ತುಂಬ್ತಾ ಬಂದ ಹಾಗೆ ನೋವು ಏರುತ್ತೆ, ಖಾಲಿ ಮಾಡಿದ್ರೆ ಸ್ವಲ್ಪ ಇಳಿಯುತ್ತೆ. ಕೆಲವರಿಗೆ ಒಳಗೆ ಹುಣ್ಣೂ ಇರುತ್ತೆ, ಗೈ ಹನ್ನರ್ ಅನ್ನೋ ಅಮೆರಿಕದ ಡಾಕ್ಟ್ರು 1915ರಲ್ಲೇ ಬರೆದಿಟ್ಟಿದ್ದು, ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ. ಅದು ಸ್ಕ್ಯಾನಿಂಗಲ್ಲಿ ಕಾಣಲ್ಲ, ಸಿಸ್ಟೋಸ್ಕೋಪಿ, ಅಂದ್ರೆ ಮೂತ್ರನಾಳದಿಂದ ಸಣ್ಣ ಕ್ಯಾಮೆರಾ ಬಿಟ್ಟು ನೋಡಿದ್ರೇನೇ ಕಾಣೋದು, ಕಂಡ್ರೆ ಅಲ್ಲೇ ಸುಟ್ಟು ಅಥವಾ ಇಂಜೆಕ್ಷನ್ ಕೊಟ್ಟು ನೋವು ಇಳಿಸೋ ದಾರಿ ಇದೆ. 100 ವರ್ಷದಿಂದ ಗೊತ್ತಿರೋ ಕಾಯಿಲೇನ ಮನಸ್ಸಿನದ್ದು ಅಂತ ತಳ್ಳಿಹಾಕೋದು ನಂಗೆ ಸರಿ ಕಾಣಲ್ಲ.

ಎರಡನೇದು ಟೀಚರುಗಳಲ್ಲಿ ನಾನು ತುಂಬಾ ನೋಡಿರೋದು. ಶಾಲೆ ಟಾಯ್ಲೆಟ್ ಗಲೀಜು, ಬಾಗಿಲಿಗೆ ಚಿಲಕ ಇರಲ್ಲ, ಪೀರಿಯಡ್ ಮೇಲೆ ಪೀರಿಯಡ್, ಅದಕ್ಕೇ ಬೆಳಗ್ಗೆಯಿಂದ ನೀರು ಕುಡಿಯಲ್ಲ, ಬಂದ್ರೂ ಸಂಜೆವರೆಗೂ ಬಿಗಿ ಹಿಡ್ಕೊಳ್ತಾರೆ. ವರ್ಷಗಟ್ಟಲೆ ಹೀಗೆ ಬಿಗಿ ಹಿಡಿದು ಹಿಡಿದು ಕಿಬ್ಬೊಟ್ಟೆ ತಳದ ಸ್ನಾಯು ಸಡಿಲ ಬಿಡೋದನ್ನೇ ಮರೆತುಬಿಡುತ್ತೆ, ಅದರ ನೋವು ಮೂತ್ರನಾಳದ ಉರಿ ಥರಾನೇ ಅನ್ಸುತ್ತೆ. ಯೂರಿನ್ ಶುರುವಾಗೋಕೆ ತಡ ಆಗುತ್ತಾ, ನಿಂತು ನಿಂತು ಬರುತ್ತಾ, ಮಲಬದ್ಧತೆ ಇದ್ಯಾ, ಗಂಡನ ಜೊತೆ ಸೇರಿದ ಮಾರನೇ ದಿನ ಜಾಸ್ತಿ ಆಗುತ್ತಾ? ಹೌದು ಅಂದ್ರೆ ಈ ಕೆಲಸ ಗೊತ್ತಿರೋ ಫಿಸಿಯೋಥೆರಪಿಸ್ಟ್ ಹತ್ರ ಹೋಗಿ, ಸಡಿಲ ಬಿಡೋದನ್ನ ಕಲಿಸ್ತಾರೆ. ಯೂಟ್ಯೂಬ್ ನೋಡಿ ಆ ಸ್ನಾಯುವನ್ನ ಬಿಗಿ ಹಿಡಿದು ಬಿಡೋ ಕೀಗಲ್ ಎಕ್ಸರ್ಸೈಜ್ ಮಾತ್ರ ಮಾಡ್ಬೇಡಿ, ಮೊದ್ಲೇ ಬಿಗಿದಿರೋ ಸ್ನಾಯು ಇನ್ನೂ ಬಿಗಿಯುತ್ತೆ. ಮುಟ್ಟಿನ ದಿನಗಳಲ್ಲಿ ನೋವು ಜಾಸ್ತಿ ಆದ್ರೆ ಎಂಡೋಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೂ ಬೆಳೆಯೋದು) ಇದ್ಯಾ ಅಂತ ನಿಮ್ಮ ಸ್ತ್ರೀರೋಗ ಡಾಕ್ಟ್ರನ್ನ ಕೇಳಿ.

ಅಪಾಯಿಂಟ್‌ಮೆಂಟ್ ಸಿಗೋವರೆಗೂ ಮನೇಲಿ ಏನು ಮಾಡ್ಬಹುದು ಅಂದ್ರೆ, 3 ದಿನ ಒಂದು ನೋಟ್‌ಬುಕ್ಕಲ್ಲಿ ಎಷ್ಟು ಹೊತ್ತಿಗೆ ಏನು ಕುಡಿದ್ರಿ, ಎಷ್ಟು ಹೊತ್ತಿಗೆ ಹೋದ್ರಿ, ಅಳತೆ ಮಗ್ಗಲ್ಲಿ ಎಷ್ಟು ಎಂಎಲ್, ನೋವು ಹತ್ತಕ್ಕೆ ಎಷ್ಟು ಅಂತ ಬರೀರಿ. ಡಾಕ್ಟ್ರ ಮುಂದೆ ಅದನ್ನಿಟ್ರೆ ಟೆನ್ಷನ್ ಅಂತ ಹೇಳಿ ಕಳ್ಸೋದು ಕಷ್ಟ ಆಗುತ್ತೆ. ಕಾಫಿ, ಟೀ, ನಿಂಬೆ, ಟೊಮೇಟೊ ಸಾರು, ಹಸಿಮೆಣಸು, ಸೋಡಾ ಇವೆಲ್ಲ 3-4 ವಾರ ಬಿಟ್ಟು ನೋಡಿ, ಆಮೇಲೆ ಒಂದೊಂದೇ ವಾಪಸ್ ಶುರು ಮಾಡಿ, ಯಾವುದು ತಿಂದ ದಿನ ಉರಿ ಏರುತ್ತೋ ಅದೇ ನಿಮ್ಮ ಶತ್ರು. ಎಲ್ಲರಿಗೂ ಎಲ್ಲವೂ ಆಗ್ದೇ ಇರಲ್ಲ, ಸುಮ್ನೆ ಜೀವನಪೂರ್ತಿ ಸಪ್ಪೆ ಊಟ ಮಾಡೋ ಅಗತ್ಯ ಇಲ್ಲ. ನೀರು ಇಡೀ ದಿನಕ್ಕೆ ಹಂಚಿ ಕುಡೀರಿ, ಕಡಿಮೆ ಆದ್ರೆ ಯೂರಿನ್ ಗಟ್ಟಿಯಾಗಿ ಉರಿಯುತ್ತೆ, ಒಂದೇ ಸಲ ಲೀಟರ್ ಕುಡಿದ್ರೆ ಓಡಾಟ ಹೆಚ್ಚುತ್ತೆ. ಅತ್ತೆಯವರ ಬಾರ್ಲಿ ನೀರು ಕುಡೀರಿ, ನಿಂಬೆ ಹಿಂಡ್ಬೇಡಿ ಅಂತ ಹೇಳಿ. ಜಾಗ ತೊಳೆಯೋಕೆ ಬರೀ ನೀರು ಸಾಕು, ಸೋಪು, ಸೆಂಟಿನ ವಾಶ್ ಎಲ್ಲ ನಿಲ್ಲಿಸಿ. ಉರಿ ಏರಿದ ದಿನ ಕಿಬ್ಬೊಟ್ಟೆಗೆ ಬಿಸಿನೀರಿನ ಬ್ಯಾಗ್ ಇಟ್ಕೊಳ್ಳಿ.

ಡಾಕ್ಟ್ರು ರಾತ್ರಿಗೆ ಸಣ್ಣ ಡೋಸ್ ಅಮಿಟ್ರಿಪ್ಟಿಲಿನ್ ಬರೆದ್ರೆ, ಗೂಗಲಲ್ಲಿ ಡಿಪ್ರೆಷನ್ ಮಾತ್ರೆ ಅಂತ ನೋಡಿ ಹೆದರಿ ಬಿಡ್ಬೇಡಿ, ಸಣ್ಣ ಡೋಸಲ್ಲಿ ಅದನ್ನ ನರದ ನೋವಿಗೇ ಕೊಡೋದು, ನಿದ್ದೇನೂ ಬರುತ್ತೆ. ಇನ್ನೂ ಮಾತ್ರೆಗಳಿವೆ, ಮೂತ್ರಚೀಲದ ಒಳಗೇ ಔಷಧಿ ಹಾಕೋದೂ ಇದೆ. ಒಂದೇ ವಾರದಲ್ಲಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ, ತಿಂಗಳುಗಳು ಹಿಡಿಯುತ್ತೆ, ನಡುವೆ ಮತ್ತೆ ಏರುತ್ತೆ, ಆದ್ರೆ ರಾತ್ರಿ 4 ಸಲ ಏಳೋದು 1 ಸಲಕ್ಕೆ ಬಂದವರನ್ನ ನಾನು ನೋಡಿದ್ದೀನಿ. ಯಜಮಾನ್ರಿಗೆ ಈ ಪುಟ ಓದಿಸಿ, ಮುಂದಿನ ಸಲ ಅವರೂ ಡಾಕ್ಟ್ರ ರೂಮೊಳಗೆ ಬಂದು ಕೂರಲಿ. ಚಳಿಜ್ವರ, ಪಕ್ಕೆನೋವು, ಯೂರಿನಲ್ಲಿ ರಕ್ತ, ಯೂರಿನ್ ಕಟ್ಟಿಕೊಳ್ಳೋದು, ಇದರಲ್ಲಿ ಒಂದು ಕಂಡ್ರೂ ಕಾಯ್ಬೇಡಿ, ಅವತ್ತೇ ಹೋಗಿ.

ಪ್ರಶ್ನೆ: ನಮ್ಮಮ್ಮಂಗೆ 58, ಮುಟ್ಟು ನಿಂತು 9 ವರ್ಷ ಆಯ್ತು. ಇದೇ ಥರ ಉರಿ, ಟೆಸ್ಟಲ್ಲಿ ಏನಿಲ್ಲ. ನಾಚಿಕೆಗೆ ಲೇಡಿ ಡಾಕ್ಟ್ರ ಹತ್ರಾನೂ ತೋರಿಸಲ್ಲ ಅಂತಾರೆ.

ಉತ್ತರ: ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿದು ಯೋನಿ, ಮೂತ್ರನಾಳದ ಒಳಪದರ ತೆಳ್ಳಗಾಗಿ ಒಣಗುತ್ತೆ, ಈ ವಯಸ್ಸಲ್ಲಿ ಉರಿಗೆ ತುಂಬಾ ಸಾಮಾನ್ಯ ಕಾರಣ ಇದು. ಒಂದು ಸಲ ನೋಡಿದ್ರೇ ಡಾಕ್ಟ್ರಿಗೆ ಗೊತ್ತಾಗುತ್ತೆ, ಹಚ್ಚೋಕೆ ಈಸ್ಟ್ರೋಜನ್ ಕ್ರೀಮ್ ಕೊಡ್ತಾರೆ, ಸಾಮಾನ್ಯವಾಗಿ 2 ವಾರ ದಿನಾ, ಆಮೇಲೆ ವಾರಕ್ಕೆ 2 ಸಲ, ಪೂರ್ತಿ ಗುಣ ಕಾಣೋಕೆ 2-3 ತಿಂಗಳು ಬೇಕು. ಸ್ತನ ಕ್ಯಾನ್ಸರ್ ಆಗಿದ್ರೆ ಮೊದ್ಲೇ ಹೇಳಿ. ಅಮ್ಮ ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ, ಯೂರಿನ್ ಯಾವಾಗ್ಲಾದ್ರೂ ಕೆಂಪಗೆ ಹೋಗಿತ್ತಾ ಅಂತ ನೀವೇ ಮೆಲ್ಲಗೆ ಕೇಳಿ. ಕೆಂಪಗೆ ಒಂದೇ ಒಂದು ಸಲ ಹೋಗಿದ್ರೂ ಅದು ಮೂತ್ರಚೀಲದ ಕ್ಯಾನ್ಸರಿನ ಸೂಚನೆ ಇರಬಹುದು, ಕ್ರೀಮ್ ಹಚ್ಕೊಂಡು ಕೂರೋ ಹಾಗಿಲ್ಲ, ಈ ವಾರಾನೇ ಯೂರಾಲಜಿಸ್ಟ್ ಹತ್ರ ಕರ್ಕೊಂಡು ಹೋಗಿ ಸಿಸ್ಟೋಸ್ಕೋಪಿ ಬೇಕಾ ಅಂತ ಕೇಳಿ. ಒಳಗೆ ನೀವೂ ಜೊತೆಗಿರಿ, ಅಮ್ಮಂಗೆ ಅಷ್ಟು ಧೈರ್ಯ ಸಾಕು.