ಕನ್ನಡ ಮಾಧ್ಯಮದಲ್ಲಿ ಓದಿದವರು ಐಐಎಂ (ಎಂಬಿಎ ಕಲಿಸುವ ಸಂಸ್ಥೆ) ಸೇರಲು ಕ್ಯಾಟ್ ಪರೀಕ್ಷೆಗೆ ಹೇಗೆ ತಯಾರಾಗಬೇಕು?

ಗಣಿತಕ್ಕೆ ಜಾಸ್ತಿ ಹೆದರಬೇಡಿ. ಶೇಕಡಾ, ಅನುಪಾತ, ವೇಗ-ದೂರ, ಬೀಜಗಣಿತ, ಎಲ್ಲ ಹೈಸ್ಕೂಲಿನಲ್ಲಿ ನೋಡಿದ್ದೇ ಅಲ್ವಾ? ತೊಡಕಾಗುವುದು ಇಂಗ್ಲಿಷ್ ಪ್ಯಾಸೇಜ್‌ಗಳು. ಅದಕ್ಕೆ ಪದಪಟ್ಟಿ ಉರು ಹೊಡೆಯುವುದು ಸುಮ್ನೆ ದಂಡ. ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದಿ. ಬರೆದವರು ಏನು ವಾದಿಸುತ್ತಿದ್ದಾರೆ ಅಂತ ಎರಡು ಸಾಲು ಬರೆಯಿರಿ, ಕನ್ನಡದಲ್ಲೇ ಬರೆದರೂ ಸರಿ.

ಪರೀಕ್ಷೆಯಲ್ಲಿ ಮೂರು ಭಾಗ: ಇಂಗ್ಲಿಷ್, ಡೇಟಾ-ಲಾಜಿಕ್ (ಅಂಕಿಅಂಶ ಮತ್ತು ತರ್ಕ), ಗಣಿತ. ಮೂರಕ್ಕೂ ತಲಾ 40 ನಿಮಿಷ. ಒಂದರಲ್ಲಿ ಉಳಿಸಿದ ಸಮಯ ಇನ್ನೊಂದಕ್ಕೆ ಸಿಗುವುದಿಲ್ಲ. ಸರಿ ಉತ್ತರಕ್ಕೆ 3 ಅಂಕ, ಉತ್ತರದ ಆಯ್ಕೆಗಳನ್ನು ಕೊಟ್ಟಿರುವ ಪ್ರಶ್ನೆ ತಪ್ಪಾದರೆ 1 ಅಂಕ ಕಟ್. ಉತ್ತರ ಟೈಪ್ ಮಾಡುವ ಪ್ರಶ್ನೆಗಳಿಗೆ ಕಡಿತವಿಲ್ಲ, ಅವನ್ನು ಖಾಲಿ ಬಿಡಬೇಡಿ. ಮಾಕ್ ಟೆಸ್ಟ್‌ಗಳನ್ನು (ಅಭ್ಯಾಸದ ಅಣಕು ಪರೀಕ್ಷೆಗಳನ್ನು) ಸಾಲುಸಾಲಾಗಿ ಬರೆಯುವುದಕ್ಕಿಂತ, ಒಂದನ್ನು ಬರೆದು ಅದರ ತಪ್ಪುಗಳ ಮೇಲೆ ಒಂದು ಸಂಜೆ ಕೂರುವುದೇ ಲಾಭ.